ಸೊಂಟದ ಪಿಸ್ತೂಲಿಗೆ ಕಾಂಪ್ ಬೇಕಾ? ದುಡ್ಡು ಕೊಡುವ ಮೊದಲು ಮಾಡಿ ನೋಡಬೇಕಾದ್ದು

ಹೋದ ಚಳಿಗಾಲದಲ್ಲಿ ಗೆಳೆಯನೊಬ್ಬ ತನ್ನ 9 ಎಂಎಂ ಪಿಸ್ತೂಲಿಗೆ ಹೊಸ ಕಾಂಪೆನ್ಸೇಟರ್ (ಚುಟುಕಾಗಿ ಕಾಂಪ್, ಒದೆತ ತಗ್ಗಿಸುವ ಬಿಡಿಭಾಗ) ಹಾಕಿಸಿಕೊಂಡು, ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಬಂದ. ನಳಿಕೆಯ ಮೂತಿಗೆ ಹೆಬ್ಬೆರಳಿನ ತುದಿಯಷ್ಟು ಕಪ್ಪು ಲೋಹದ ತುಂಡು, ಅದರ ನೆತ್ತಿಯಲ್ಲಿ ಒಂದು ತೂತು. ಅಗ್ಗದ ತೋಟೆ ತುಂಬಿಸಿ ಐವತ್ತು ಈಡು ಹೊಡೆದ. ಹೂವೆತ್ತಿದ ಹಾಗೆ ಓಡಿತು. "ನೀನು ದಿನಾ ಸೊಂಟದಲ್ಲಿ ಇಟ್ಟುಕೊಳ್ಳುವ ತೋಟೆ ಹಾಕು ನೋಡೋಣ" ಅಂದೆ. ಅವನದು 147 ಗ್ರೇನಿನದು (ಗ್ರೇನ್ ಅಂದರೆ ಗುಂಡು ತೂಗುವ ಅಳತೆ). ಮೂರನೇ ಈಡಿಗೆ ಖಾಲಿ ತೋಟೆ ಹೊರಗೆ ಹಾರಲಿಲ್ಲ. ಬಾಗಿಲ ಸಂದಿಗೆ ಸಿಕ್ಕ ಬೆರಳಿನ ಹಾಗೆ ಸ್ಲೈಡಿನಲ್ಲಿ, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗದಲ್ಲಿ, ನೆಟ್ಟಗೆ ಕಚ್ಚಿಕೊಂಡು ನಿಂತಿತು. ಬಿಡಿಸಿ ಮತ್ತೆ ಶುರು ಮಾಡಿದ. ಏಳನೆಯದಕ್ಕೂ ಅದೇ ಕಥೆ.

ಮೂರು ವಾರದಿಂದ ಅವನು ಅದೇ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿ, ಪೆಟ್ರೋಲ್ ಬಂಕು ಅಂತ ಓಡಾಡುತ್ತಿದ್ದ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಒದೆತ ನಿಜವಾಗಿಯೂ ಕಮ್ಮಿಯಾಗಿತ್ತು. ಯಾವ ತೋಟೆಯಲ್ಲಿ ಅನ್ನೋದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕಾಂಪ್ ಒಳ್ಳೆಯದಾ ಕೆಟ್ಟದ್ದಾ ಅಂತ ನನ್ನನ್ನು ಕೇಳುವವರಿಗೆಲ್ಲ ನಾನು ತಿರುಗಿ ಕೇಳುವುದು ಅದನ್ನೇ. ನಿಮ್ಮ ಸೊಂಟದಲ್ಲಿರುವ ತೋಟೆ ಯಾವುದು? ಅದನ್ನು ಈ ಪಿಸ್ತೂಲಿನಲ್ಲಿ ಎಷ್ಟು ಹೊಡೆದು ನೋಡಿದ್ದೀರಿ?

ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿ ನೆಲೆಸಿ, ಕಾನೂನು ಪ್ರಕಾರ ಪಿಸ್ತೂಲ್ ಇಟ್ಟುಕೊಂಡಿರುವ ಕನ್ನಡದವರಿಗೆ. ಊರಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಭಾರತದಲ್ಲಿ 9 ಎಂಎಂ ನಾಗರಿಕರಿಗೆ ನಿಷೇಧಿತ ಬೋರು. ಲೈಸೆನ್ಸ್ ಸಿಕ್ಕವರ ಕೈಯಲ್ಲೂ ಹೆಚ್ಚಾಗಿ ಇರುವುದು .32. ಮಲೆನಾಡಿನ, ಕೊಡಗಿನ ಮನೆಗಳಲ್ಲಿ ಇರುವುದು ತೋಟೆ ಕೋವಿ. ಅದರ ಒದೆತಕ್ಕೆ ಮದ್ದು ಅಂದರೆ ಹಿಡಿಯನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಅಷ್ಟೇ. ನಾನು ಇರುವುದು ಟೆಕ್ಸಾಸಿನಲ್ಲಿ. 2021ರ ಸೆಪ್ಟೆಂಬರಿನಿಂದ ಇಲ್ಲಿ ಅರ್ಹರಾದವರು ಪರ್ಮಿಟ್ ಇಲ್ಲದೆಯೂ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು. "ಅರ್ಹರಾದವರು" ಅನ್ನುವ ಪದದ ಮೇಲೆ ಸ್ವಲ್ಪ ನಿಲ್ಲೋಣ, ಯಾಕಂದರೆ ನಮ್ಮವರು ಎಡವುವುದು ಅಲ್ಲೇ.

ಮೊದಲು ವೀಸಾ, ಆಮೇಲೆ ರಾಜ್ಯದ ಕಾನೂನು

ಎಚ್-1ಬಿ, ಎಲ್-1, ಎಫ್-1 ತರಹದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಫೆಡರಲ್ ಕಾನೂನು. ಬೇಟೆಯ ಲೈಸೆನ್ಸ್ ಇದ್ದರೆ ಒಂದು ವಿನಾಯಿತಿ ಇದೆ. ಅದನ್ನು ನಂಬಿ ಮುಂದೆ ಹೋಗುವ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ. "ನಾನೇನು ಕೊಂಡುಕೊಳ್ಳೋದಿಲ್ಲ, ರೇಂಜಲ್ಲಿ ಬಾಡಿಗೆಗೆ ತಗೊಂಡು ಸುಮ್ನೆ ಎರಡು ಈಡು ಹೊಡಿತೀನಿ" ಅನ್ನುವವರಿಗೆ 2019ರ ರೆಹೈಫ್ ಪ್ರಕರಣ ನೆನಪಿರಲಿ. ವಿದ್ಯಾರ್ಥಿಯಾಗಿ ಬಂದು ವೀಸಾದ ನೆಲೆ ಕಳೆದುಕೊಂಡಿದ್ದ ಒಬ್ಬಾತ ಫ್ಲೋರಿಡಾದ ರೇಂಜಿನಲ್ಲಿ ಗುಂಡು ಹಾರಿಸಿದ್ದೇ ಕೇಸಾಗಿ, ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅಂಗಡಿಯಲ್ಲಿ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ ಕೊಳ್ಳಬಹುದು. ನೀವು ಗ್ರೀನ್ ಕಾರ್ಡಿನವರು, ಮನೆಯಲ್ಲಿ ಜೊತೆಗಿರುವವರು ಎಚ್-1ಬಿ ಅಂತಾದರೆ ಪೆಟ್ಟಿಗೆಯ ಕೀಲಿಯಾಗಲಿ ನಂಬರಾಗಲಿ ಅವರ ಕೈಗೆ ಸಿಗಬಾರದು. ಮಕ್ಕಳಿದ್ದರಂತೂ ಬೀಗದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಕಾಂಪಿನ ಕಾನೂನು. ಸೈಲೆನ್ಸರಿಗೆ 1934ರಿಂದ ಫೆಡರಲ್ ನೋಂದಣಿ ಬೇಕು. ಕಾಂಪಿಗೆ ಅದು ಬೇಡ. ಆದರೆ ತಿರುಪಿ ಹಾಕುವ ಕಾಂಪಿಗೆ ತುದಿಯಲ್ಲಿ ಮರೆ (ತಿರುಪು ಕೂರುವ ಸುರುಳಿ ಗೀರು) ಕೊರೆದ ನಳಿಕೆ ಬೇಕಲ್ಲ, ತೊಡಕು ಇರುವುದು ಆ ಮರೆಯಲ್ಲಿ. ಮ್ಯಾಗಝೀನ್ (ತೋಟೆ ತುಂಬುವ ಡಬ್ಬಿ) ಬಿಚ್ಚಿ ಹಾಕುವ ಸೆಮಿ ಆಟೋ ಪಿಸ್ತೂಲಿಗೆ ಮರೆಯಿರುವ ನಳಿಕೆ ಸೇರಿದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಲ್ಲಿ ಅದು "ಅಸಾಲ್ಟ್ ವೆಪನ್" ಪಟ್ಟಿಗೆ ಹೋಗುತ್ತದೆ. ಡಲ್ಲಾಸಿನಲ್ಲಿ ಇದ್ದಾಗ ಸರಿಯಿದ್ದದ್ದು ಸಿಯಾಟಲಿಗೆ ಕೆಲಸ ಬದಲಾದಾಗ ಅಪರಾಧವಾಗಬಹುದು. ಸಾಮಾನು ಸಾಗಿಸುವ ಲಾರಿ ಹೊರಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ತೂತಿನಲ್ಲಿ ಏನಾಗುತ್ತದೆ

ತೋಟಕ್ಕೆ ನೀರು ಬಿಡುವ ಪೈಪನ್ನು ಕೈಬಿಟ್ಟರೆ ಏನಾಗುತ್ತದೆ? ನೀರು ಒಂದು ಕಡೆ ಚಿಮ್ಮುತ್ತದೆ, ಪೈಪಿನ ತುದಿ ಅದಕ್ಕೆ ವಿರುದ್ಧ ದಿಕ್ಕಿಗೆ ಕುಣಿಯುತ್ತದೆ. ಕಾಂಪಿನ ಕೆಲಸವೂ ಇಷ್ಟೇ. ಗುಂಡಿನ ಹಿಂದೆ ಬರುವ ಬಿಸಿ ಗ್ಯಾಸನ್ನು ಮೇಲಕ್ಕೆ ಬಿಟ್ಟರೆ ಪಿಸ್ತೂಲಿನ ಮೂತಿ ಕೆಳಕ್ಕೆ ಒತ್ತುತ್ತದೆ. ನಳಿಕೆ ನಿಮ್ಮ ಮುಷ್ಟಿಗಿಂತ ಮೇಲೆ ಇರುವುದರಿಂದ ಪ್ರತಿ ಈಡಿಗೂ ಮೂತಿ ಏಳುತ್ತದೆ. ಆ ಏಳುವಿಕೆಯನ್ನು ಗ್ಯಾಸು ಒಂದಷ್ಟು ತಗ್ಗಿಸುತ್ತದೆ.

ಒಂದಷ್ಟು ಅಂದೆ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. 9 ಎಂಎಂನ 124 ಗ್ರೇನ್ ಗುಂಡು ಅಂದರೆ ಸುಮಾರು 8 ಗ್ರಾಂ. ಅದನ್ನು ತಳ್ಳುವ ಮದ್ದು ಐದಾರು ಗ್ರೇನ್, ಅಂದರೆ ಅರ್ಧ ಗ್ರಾಂ ಕೂಡ ಇಲ್ಲ. ಗ್ಯಾಸು ಗುಂಡಿಗಿಂತ ಬಹಳ ವೇಗವಾಗಿ ಹೊರಬೀಳುತ್ತದೆ ನಿಜ. ಅದನ್ನು ಸೇರಿಸಿದರೂ ಒಟ್ಟು ಒದೆತದಲ್ಲಿ ಗ್ಯಾಸಿನ ಪಾಲು ಹೆಚ್ಚುಕಡಿಮೆ ಏಳರಲ್ಲಿ ಒಂದು ಭಾಗ. ಕಾಂಪ್ ಕೈಹಾಕಬಹುದಾದ್ದು ಆ ಒಂದು ಪಾಲಿಗೆ ಮಾತ್ರ. ಉಳಿದದ್ದು ಗುಂಡಿನ ತೂಕದ್ದು, ಅದನ್ನು ನಿಮ್ಮ ಕೈಯೇ ತಡೆದುಕೊಳ್ಳಬೇಕು.

ಹಾಗಾದರೆ ಸ್ಪರ್ಧೆಯಲ್ಲಿ ಹೊಡೆಯುವವರ ಪಿಸ್ತೂಲು ಅಲುಗಾಡುವುದೇ ಇಲ್ಲವಲ್ಲ ಅಂತ ಕೇಳಬಹುದು. ಓಪನ್ ವಿಭಾಗದವರು .38 ಸೂಪರ್ ತರಹದ ತೋಟೆಗೆ ನಿಧಾನಕ್ಕೆ ಉರಿಯುವ ಮದ್ದನ್ನು ಜಾಸ್ತಿ ತುಂಬಿಸುತ್ತಾರೆ. ಗ್ಯಾಸು ಹೆಚ್ಚಿದಷ್ಟೂ ಕಾಂಪಿಗೆ ಕೈತುಂಬ ಕೆಲಸ. ಪಿಸ್ತೂಲೂ ದೊಡ್ಡದು, ಭಾರ. ಅವರ ಕಾಂಪ್ ನೋಡಿ ನಮ್ಮ ಅಂಗೈಯಗಲದ ಪಿಸ್ತೂಲಿಗೆ ಅದೇ ಫಲ ಬಯಸುವುದು ಟ್ರ್ಯಾಕ್ಟರಿನ ಸೈಲೆನ್ಸರನ್ನು ಲೂನಾಗೆ ಕಟ್ಟಿದ ಹಾಗೆ.

ಯಾವ ಬಗೆಯದು

ಅಂಗಡಿಯಲ್ಲಿ ಮೂರು ಬಗೆ ಕಾಣುತ್ತವೆ. ಒಂದು, ಮರೆಯಿರುವ ನಳಿಕೆಗೆ ತಿರುಪಿ ಕೂರಿಸುವುದು. ಗುಂಡು ನಳಿಕೆಯ ಪೂರ್ತಿ ಉದ್ದ ಓಡಿದ ಮೇಲೇ ಗ್ಯಾಸು ಮೇಲಕ್ಕೆ ಹೋಗುವುದರಿಂದ ಗುಂಡಿನ ವೇಗ ಕಳೆಯುವುದಿಲ್ಲ. ಆದರೆ ಪಿಸ್ತೂಲ್ ಉದ್ದವಾಗುತ್ತದೆ, ತಿರುಪು ಸಡಿಲವಾಗುವ ಗೋಳು ಬೇರೆ. ಎರಡು, ನಳಿಕೆಗೇ ತೂತು ಕೊರೆಯುವುದು. ಗ್ಲಾಕಿನ 19ಸಿ ತರಹದ "ಸಿ" ಮಾದರಿಗಳು ಹೀಗೇ ಬಂದವು. ಇಲ್ಲಿ ಉದ್ದ ಹೆಚ್ಚುವುದಿಲ್ಲ, ಆದರೆ ಗುಂಡು ಇನ್ನೂ ಒಳಗಿರುವಾಗಲೇ ಗ್ಯಾಸು ಸೋರುವುದರಿಂದ ವೇಗ ಸ್ವಲ್ಪ ತಗ್ಗುತ್ತದೆ. ಮೂರನೆಯದು ಈಗ ಜಾಸ್ತಿ ಓಡುತ್ತಿರುವುದು. ನಳಿಕೆಯನ್ನು ಗಿಡ್ಡ ಮಾಡಿ, ಸ್ಲೈಡಿನ ಮುಂತುದಿಯಲ್ಲಿ ಖಾಲಿ ಕೋಣೆ ಬಿಟ್ಟು, ಅದರ ನೆತ್ತಿಗೆ ಕಿಂಡಿ ಕೊರೆಯುವುದು. 2022ರಲ್ಲಿ ಬಂದ ಸಿಗ್ ಸಾವರ್‌ನ ಪಿ365 ಎಕ್ಸ್-ಮ್ಯಾಕ್ರೊ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಲೈಡ್ ಉದ್ದವಾಗಿ ಕಂಡರೂ ಒಳಗಿನ ನಳಿಕೆ 3.1 ಇಂಚು ಮಾತ್ರ. ಅಂದರೆ ಆ ಉದ್ದದ ಸ್ಲೈಡಿನಲ್ಲಿ ಪೂರ್ತಿ ನಳಿಕೆ ಇದ್ದಿದ್ದರೆ ಸಿಗುತ್ತಿದ್ದ ವೇಗವನ್ನು ಕೊಟ್ಟು ಮೃದುತ್ವವನ್ನು ಕೊಂಡ ಹಾಗೆ. ಸ್ಪ್ರಿಂಗ್‌ಫೀಲ್ಡಿನ ಹೆಲ್‌ಕ್ಯಾಟ್ ಪ್ರೊಗೂ, ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಪ್ಲಸ್‌ಗೂ ಈಗ ಕಂಪನಿಯಿಂದಲೇ ಕಾಂಪ್ ಇರುವ ರೂಪಗಳು ಬಂದಿವೆ.

ನನ್ನನ್ನು ಕೇಳಿದರೆ, ದಿನಾ ಸೊಂಟದಲ್ಲಿ ಇರುವ ಪಿಸ್ತೂಲಿಗೆ ಕಾಂಪ್ ಬೇಕೇ ಬೇಕು ಅನ್ನಿಸಿದರೆ ಕಂಪನಿಯವರೇ ಹಾಕಿ ಮಾರುವುದನ್ನು ತಗೊಳ್ಳಿ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ, ಕಿಂಡಿಯ ಅಳತೆ ಎಲ್ಲವನ್ನೂ ಅವರು ಒಟ್ಟಿಗೆ ಕೂರಿಸಿ ನೋಡಿರುತ್ತಾರೆ. ಬೇರೆ ಬೇರೆ ಕಡೆಯಿಂದ ನಳಿಕೆ, ಕಾಂಪ್, ಸ್ಪ್ರಿಂಗ್ ತರಿಸಿ ಜೋಡಿಸಿದರೆ ಆ ಹೊಂದಾಣಿಕೆ ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಗೆಳೆಯನಿಗೆ ಆಗಿದ್ದು ಅದೇ.

ತೋಟೆಯ ಪೆಟ್ಟಿಗೆಯನ್ನು ಓದಿ

ಅವನ ಪಿಸ್ತೂಲ್ ಯಾಕೆ ನಿಂತಿತು? ಇಂಥ ಪಿಸ್ತೂಲುಗಳಲ್ಲಿ ಈಡು ಹಾರಿದಾಗ ನಳಿಕೆಯೂ ಸ್ಲೈಡೂ ಸ್ವಲ್ಪ ದೂರ ಜೊತೆಯಾಗಿ ಹಿಂದಕ್ಕೆ ಸರಿಯುತ್ತವೆ. ಆಮೇಲೆ ನಳಿಕೆಯ ಹಿಂಬದಿ ಕೆಳಗೆ ಬಾಗಿ ಸ್ಲೈಡನ್ನು ಬಿಟ್ಟುಕೊಡುತ್ತದೆ. ಸ್ಲೈಡ್ ಒಂದೇ ಹಿಂದೆ ಹೋಗಿ ಖಾಲಿ ತೋಟೆಯನ್ನು ಎಳೆದು ಹೊರಗೆಸೆಯುತ್ತದೆ. ನಳಿಕೆಯ ತುದಿಗೆ ಕಾಂಪ್ ಕಟ್ಟಿದರೆ ಮೊದಲನೆಯದಾಗಿ ಆ ತೂಕ ಎಳೆದುಕೊಂಡು ಹೋಗಬೇಕು. ಎರಡನೆಯದಾಗಿ ಕಾಂಪಿನ ಗೋಡೆಗೆ ಬಡಿಯುವ ಗ್ಯಾಸು ನಳಿಕೆಯನ್ನು ಮುಂದಕ್ಕೆ ತಳ್ಳುತ್ತದೆ. ಎರಡೂ ಸೇರಿ ಸ್ಲೈಡಿನ ಓಟ ನಿಧಾನ. ತೋಟೆಯಲ್ಲಿ ದಮ್ಮಿದ್ದರೆ ಇದೆಲ್ಲ ಗೊತ್ತಾಗುವುದೇ ಇಲ್ಲ. ದಮ್ಮು ಕಮ್ಮಿಯಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಅರ್ಧದಲ್ಲೇ ಮರಳಿ ಖಾಲಿ ತೋಟೆಯನ್ನು ಕಚ್ಚಿಕೊಳ್ಳುತ್ತದೆ.

ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. 115, 124, 147 ಇವು ಗುಂಡಿನ ತೂಕ. ಸಾಮಾನ್ಯವಾಗಿ ಹಗುರ ಗುಂಡಿನ ಹಿಂದೆ ಮದ್ದು ಜಾಸ್ತಿ, ಭಾರದ್ದರ ಹಿಂದೆ ಕಮ್ಮಿ. 147 ಗ್ರೇನಿನದು ಶಬ್ದದ ವೇಗಕ್ಕಿಂತ ನಿಧಾನ ಓಡುವ ತೋಟೆ, ಅದರ ಗ್ಯಾಸಿಗೆ ರಭಸ ಅಷ್ಟಕ್ಕಷ್ಟೇ. ಮಾಮೂಲಿ 9 ಎಂಎಂನ ಒತ್ತಡದ ಮಿತಿ 35,000 ಪಿಎಸ್ಐ. ಪ್ಲಸ್ ಪಿ ಅಂತ ಬರೆದಿದ್ದರೆ 38,500. ಹೋಲಿಕೆಗೆ ಬೇರೆ ಅಳತೆಯ ತೋಟೆಗಳನ್ನು ನೋಡಿ: .380ರದ್ದು 21,500, .45 ಎಸಿಪಿಯದು 21,000. ಕಾಂಪ್ ಅನ್ನುವುದು 9 ಎಂಎಂ ಸುತ್ತಲೇ ಯಾಕೆ ಗಿರಕಿ ಹೊಡೆಯುತ್ತದೆ ಅನ್ನೋದಕ್ಕೆ ಈ ಅಂಕಿಗಳೇ ಉತ್ತರ. ಒತ್ತಡ ಕಮ್ಮಿ ಇರುವ ತೋಟೆಯಲ್ಲಿ ಕಾಂಪ್ ಕೆಲಸ ಮಾಡುವುದೂ ಕಮ್ಮಿ. ಪ್ಲಸ್ ಪಿ ಹಾಕುವ ಮೊದಲು ಪಿಸ್ತೂಲಿನ ಕೈಪಿಡಿ ಅದಕ್ಕೆ ಒಪ್ಪುತ್ತದಾ ಅಂತ ನೋಡಿಕೊಳ್ಳಿ.

ಇನ್ನೊಂದು ಮಾತು. ಕವಚವಿಲ್ಲದ ಬರಿ ಸೀಸದ ಗುಂಡನ್ನು, ತೆಳು ಲೇಪದ ಅಗ್ಗದ ಗುಂಡನ್ನು ತೂತಿನ ನಳಿಕೆಗೆ ಹಾಕಬೇಡಿ. ತೂತಿನ ಅಂಚು ಅದನ್ನು ಹೆರೆದು ಚೂರನ್ನು ಮೇಲಕ್ಕೆ ಉಗುಳುತ್ತದೆ. ಮೇಲೆ ಇರುವುದು ನಿಮ್ಮ ಮುಖ.

ಅಳೆದು ನೋಡಿ, ಅನ್ನಿಸಿದ್ದನ್ನು ನಂಬಬೇಡಿ

ಕಾಂಪ್ ಹಾಕಿದ ಪಿಸ್ತೂಲಿನ ಮೊದಲ ಮ್ಯಾಗಝೀನ್ ಖಾಲಿಯಾಗುವಷ್ಟರಲ್ಲಿ ಎಲ್ಲರಿಗೂ ಮುಖದಲ್ಲಿ ನಗು ಬರುತ್ತದೆ. ನನಗೂ ಬಂದಿತ್ತು. ಆ ನಗುವಿಗೆ ನೂರೈವತ್ತು ಡಾಲರ್ ಕೊಡಬೇಕಾ ಅನ್ನೋದನ್ನು ಟೈಮರ್ ಹೇಳಲಿ. ಶಾಟ್ ಟೈಮರ್ ಪ್ರತಿ ಈಡಿನ ನಡುವಿನ ಸಮಯವನ್ನು ಸೆಕೆಂಡಿನ ನೂರನೇ ಒಂದರವರೆಗೆ ತೋರಿಸುತ್ತದೆ.

ಊಟದ ಪೇಪರ್ ಪ್ಲೇಟೊಂದನ್ನು 7 ಗಜ ದೂರಕ್ಕೆ ಅಂಟಿಸಿ. ಕಾಂಪ್ ಇಲ್ಲದ ಪಿಸ್ತೂಲಿನಲ್ಲಿ ಐದೈದು ಈಡು, ಹತ್ತು ಸಲ. ಐದೂ ಪ್ಲೇಟಿನೊಳಗೆ ಬಿದ್ದರೆ ಮಾತ್ರ ಆ ಸಲದ ಸಮಯ ಬರೆದುಕೊಳ್ಳಿ. ಆಮೇಲೆ ಅದೇ ದಿನ, ಅದೇ ತೋಟೆಯಲ್ಲಿ, ಕಾಂಪ್ ಇರುವುದರಲ್ಲಿ ಹೊಡೆಯಿರಿ. ಅದೇ ದಿನ ಅಂದದ್ದು ಯಾಕಂದರೆ ವಾರ ಬಿಟ್ಟು ಬಂದರೆ ನಿಮ್ಮ ಕೈಯೇ ಬದಲಾಗಿರುತ್ತದೆ. ಕಾಂಪಿಲ್ಲದ ಜೋಡಿ ಪಿಸ್ತೂಲ್ ನಿಮ್ಮಲ್ಲಿ ಇಲ್ಲದಿದ್ದರೆ ರೇಂಜಿನಲ್ಲಿ ಬಾಡಿಗೆಗೆ ಸಿಗುತ್ತದೆ.

ನನ್ನ ಚೀಟಿಯಲ್ಲಿ ಬಂದದ್ದು ಈಡಿಗೆ ಸೆಕೆಂಡಿನ ನೂರರಲ್ಲಿ ಎರಡು ಮೂರು ಭಾಗದ ಉಳಿತಾಯ. ಅದಕ್ಕೂ ಹಿಂದೆ ತರಬೇತಿ ಕೊಡುವವರೊಬ್ಬರು ನನ್ನ ಎಡಗೈ ಹಿಡಿತವನ್ನು ತಿದ್ದಿದ್ದರು. ಅದರಿಂದ ಸಿಕ್ಕಿದ್ದು ಇದಕ್ಕಿಂತ ಜಾಸ್ತಿ. ಆದರೂ ಒಂದು ಗುಂಪಿನವರಿಗೆ ಕಾಂಪ್ ನಿಜವಾಗಿ ಉಪಕಾರಿ ಅಂತ ಕಂಡಿದ್ದೇನೆ. ಮಣಿಕಟ್ಟು ನೋಯುವವರು, ಸಂಧಿವಾತ ಇರುವವರು, ಸಣ್ಣ ಪಿಸ್ತೂಲಿನ ಒದೆತಕ್ಕೆ ಹೆದರಿ ಅಭ್ಯಾಸವನ್ನೇ ಬಿಟ್ಟವರು. ಟೈಮರಿನಲ್ಲಿ ಕಾಣುವುದಕ್ಕಿಂತ ದೊಡ್ಡ ಲಾಭ ಅವರಿಗೆ ಇದೆ. ಐವತ್ತಕ್ಕೆ ಸಾಕಪ್ಪಾ ಅನ್ನುತ್ತಿದ್ದವರು ನೂರೈವತ್ತು ಈಡು ಹೊಡೆದು ಮನೆಗೆ ಹೋಗುತ್ತಾರೆ.

ಇನ್ನೂರು ಈಡಿನ ಪರೀಕ್ಷೆ

ಇದನ್ನು ಬಿಟ್ಟು ಬೇರೆಲ್ಲ ಮಾಡಿದರೂ ಪ್ರಯೋಜನವಿಲ್ಲ. ಸೊಂಟದಲ್ಲಿ ಇಡುವ ಅದೇ ಕಂಪನಿಯ, ಅದೇ ತೂಕದ ತೋಟೆಯನ್ನು ಇನ್ನೂರು ಹೊಡೆಯಿರಿ. ಒಂದಕ್ಕೆ ಡಾಲರ್ ಆಸುಪಾಸು ಬೀಳುತ್ತದೆ. ಹೊಟ್ಟೆ ಉರಿಯುತ್ತದೆ, ಗೊತ್ತು. ಅದನ್ನೂ ಕಾಂಪಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಆರಾಮಾಗಿ ನಿಂತು, ಎರಡೂ ಕೈಯಲ್ಲಿ ಬಿಗಿ ಹಿಡಿದು ಇನ್ನೂರನ್ನೂ ಹೊಡೆದರೆ ಅದು ಪರೀಕ್ಷೆಯಲ್ಲ. ಮೊದಲ ನೂರನ್ನು ಹಾಗೆ ಹೊಡೆಯಿರಿ. ಆಮೇಲೆ ಬಲಗೈ ಒಂದರಲ್ಲೇ ಐವತ್ತು. ಮೂವತ್ತು ಎಡಗೈಯಲ್ಲಿ. ಉಳಿದ ಇಪ್ಪತ್ತನ್ನು ಮಣಿಕಟ್ಟನ್ನು ಸ್ವಲ್ಪ ಸಡಿಲ ಬಿಟ್ಟು, ಒಂದೊಂದೇ ಈಡು ತುಂಬಿಸಿಕೊಂಡು, ಮೂತಿ ಗುರಿಯ ಕಡೆಗೇ ಇರುವಂತೆ ಜೋಪಾನವಾಗಿ. ಮಣಿಕಟ್ಟು ಸಡಿಲವಾದಾಗ ಸ್ಲೈಡಿಗೆ ಒರಗಿಕೊಳ್ಳಲು ಗೋಡೆ ಸಿಗುವುದಿಲ್ಲ, ಅದರ ಓಟ ಇನ್ನೂ ಕುಂದುತ್ತದೆ. ಕಾಂಪ್ ಮೊದಲೇ ಕುಂದಿಸಿರುವ ಓಟ ಅದು. ಪೆಟ್ಟು ಬಿದ್ದ ಕೈಯಲ್ಲಿ, ನೆಲಕ್ಕೆ ಬಿದ್ದು ಒರಗಿಕೊಂಡಾಗ ಹಿಡಿತ ಹಾಗೇ ಇರುತ್ತದೆ ಅಲ್ವಾ?

ಇನ್ನೂರರಲ್ಲಿ ಒಂದು ಸಿಕ್ಕಿಹಾಕಿಕೊಂಡರೆ ಕಾರಣ ಹುಡುಕಿ. ಮ್ಯಾಗಝೀನ್ ಬದಲಿಸಿ ನೋಡಿ, ಎಣ್ಣೆ ಹಾಕಿ ನೋಡಿ. ಮತ್ತೆ ಮೊದಲಿಂದ ಎಣಿಸಿ. ಎರಡನೇ ಸಲವೂ ಆದರೆ ಕಾಂಪ್ ತೆಗೆಯಿರಿ, ಇಲ್ಲ ತೋಟೆ ಬದಲಿಸಿ. ಹಗುರ ಸ್ಪ್ರಿಂಗ್ ಹಾಕಿಸಿ ಓಡಿಸುವ ದಾರಿಯೂ ಇದೆ. ಸ್ಪರ್ಧೆಯ ಪಿಸ್ತೂಲಿಗೆ ಅದು ಸರಿ. ಸೊಂಟದ ಪಿಸ್ತೂಲಿನಲ್ಲಿ ನನಗೆ ಅದು ಹಿಡಿಸುವುದಿಲ್ಲ. ಅದೇ ಸ್ಪ್ರಿಂಗೇ ತಾನೇ ಮುಂದಿನ ತೋಟೆಯನ್ನು ತಳ್ಳಿ ನಳಿಕೆಗೆ ಕೂರಿಸಬೇಕಾದ್ದು? ಹಗುರಾದರೆ, ಸ್ವಲ್ಪ ಮಸಿ ಹಿಡಿದ ದಿನ ಅದೂ ಏದುಸಿರು ಬಿಡುತ್ತದೆ.

ಮೈಗೆ ಹತ್ತಿರ ಹಿಡಿದಾಗ

ಕಾಂಪಿನ ಬಗ್ಗೆ ಹೆದರಿಕೆ ಹುಟ್ಟಿಸುವ ಮಾತುಗಳಲ್ಲಿ ಹೆಚ್ಚು ಕೇಳಿಬರುವುದು ಇದು. ಎದುರಿಗಿರುವವನು ತೋಳಳತೆಯಲ್ಲೇ ಇದ್ದಾಗ ಪಿಸ್ತೂಲನ್ನು ಮುಂದಕ್ಕೆ ಚಾಚಲು ಆಗುವುದಿಲ್ಲ. ಪಕ್ಕೆಗೆ ಒತ್ತಿಟ್ಟು ಹೊಡೆಯಬೇಕಾಗುತ್ತದೆ. ಆಗ ಮೇಲಕ್ಕೆ ಚಿಮ್ಮುವ ಗ್ಯಾಸು, ಉರಿಯದ ಮದ್ದಿನ ಕಣ, ತಾಮ್ರದ ಚೂರು ಗದ್ದಕ್ಕೂ ಕಣ್ಣಿಗೂ ಬರುತ್ತದೆ ಅಂತ. ಹೆದರಿಕೆಗೆ ಆಧಾರವಿದೆ. ಎಷ್ಟು ಅನ್ನೋದು ನಿಮ್ಮ ಪಿಸ್ತೂಲಿನ ಕಿಂಡಿಯ ದಿಕ್ಕಿನ ಮೇಲಿದೆ. ಕಿಂಡಿ ನೆಟ್ಟಗೆ ಮೇಲಕ್ಕಿದ್ದರೆ ಒಂದು ಥರ, ಎಡಕ್ಕೂ ಬಲಕ್ಕೂ ಓರೆಯಾಗಿದ್ದರೆ ಇನ್ನೊಂದು ಥರ.

ಇದನ್ನು ಮೈಮೇಲೆ ಪ್ರಯೋಗ ಮಾಡಬೇಡಿ. ಹೊರಾಂಗಣ ರೇಂಜಿನಲ್ಲಿ, ಅಲ್ಲಿನ ಅಧಿಕಾರಿಯ ಒಪ್ಪಿಗೆ ಕೇಳಿ, ಹಳೆಯ ಬಿಳಿ ಬನಿಯನ್ನೊಂದನ್ನು ರಟ್ಟಿಗೆ ಪಿನ್ ಮಾಡಿ. ಆ ರಟ್ಟನ್ನು ಕಂಬಕ್ಕೆ ಕಟ್ಟಿ, ಪಿಸ್ತೂಲಿನ ಮೂತಿ ಇರುವ ಜಾಗದಿಂದ ಒಂದಡಿ ಮೇಲೆ, ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ. ಗುಂಡಿನ ದಾರಿಗೆ ಅದು ಅಡ್ಡ ಬರಬಾರದು. ಕನ್ನಡಕ, ಕಿವಿಗೆ ರಕ್ಷಣೆ ಎರಡೂ ಇರಲಿ. ಎಂದಿನಂತೆ ಕೈ ಚಾಚಿ ಐದು ಈಡು ಹೊಡೆದು ಬನಿಯನ್ ಬಿಚ್ಚಿ ನೋಡಿ. ನಾನು ತೂತಿನ ನಳಿಕೆಯ ಪಿಸ್ತೂಲಿನಲ್ಲಿ ಮಾಡಿದಾಗ ಬಟ್ಟೆ ಮೇಲೆ ಸಾಸಿವೆ ಸಿಡಿದ ಹಾಗೆ ಚುಕ್ಕೆಗಳು. ಎರಡು ಕಡೆ ಎಳೆ ಕರಗಿ ಗಟ್ಟಿಯಾಗಿತ್ತು. ಸ್ಲೈಡಿನ ತುದಿಯಲ್ಲಿ ಕಿಂಡಿ ಇರುವ ಪಿಸ್ತೂಲಿನಲ್ಲಿ ಬರಿ ಬೂದು ಮಸಿ. ಅವತ್ತಿಂದ ತೂತಿನ ನಳಿಕೆಯದ್ದನ್ನು ನಾನು ಸೊಂಟಕ್ಕೆ ಸಿಕ್ಕಿಸಿಲ್ಲ.

ಪಕ್ಕೆಗೆ ಒತ್ತಿ ಹೊಡೆಯುವುದನ್ನು ತರಬೇತಿ ಕೊಡುವವರಿಲ್ಲದೆ ನೀವೇ ಶುರು ಮಾಡಬೇಡಿ. ಅಲ್ಲಿ ಪಿಸ್ತೂಲನ್ನು ಮೈಯಿಂದ ಹೊರಗಡೆಗೆ ತುಸು ವಾಲಿಸಿ ಹಿಡಿಯಲು ಹೇಳಿಕೊಡುತ್ತಾರೆ. ಸ್ಲೈಡ್ ಬಟ್ಟೆಗೆ ಸಿಗದಿರಲಿ ಅಂತ ಹುಟ್ಟಿದ ಅಭ್ಯಾಸ ಅದು. ಕಾಂಪ್ ಇದ್ದವರಿಗೆ ಗ್ಯಾಸನ್ನು ಮುಖದಿಂದ ಆಚೆ ಕಳಿಸುವ ಉಪಕಾರವೂ ಅದರಿಂದಲೇ ಆಗುತ್ತದೆ.

ಕತ್ತಲೆ ಮತ್ತು ಕಿವಿ

ರಾತ್ರಿ ಹೊಡೆದರೆ ಕಿಂಡಿಯಿಂದ ಏಳುವ ಬೆಂಕಿ ಕಣ್ಣು ಕೋರೈಸುತ್ತದೆ ಅನ್ನುವುದು ಎರಡನೇ ಹೆದರಿಕೆ. ಇದು ಬಹುಪಾಲು ತೋಟೆಯ ಮೇಲೆ ನಿಂತಿದೆ. ಆತ್ಮರಕ್ಷಣೆಗೆಂದು ಮಾರುವ ಒಳ್ಳೆಯ ತೋಟೆಗಳಲ್ಲಿ ಕಿಡಿ ಕಮ್ಮಿ ಬರುವ ಮದ್ದು ಹಾಕಿರುತ್ತಾರೆ. ಅಗ್ಗದ ಅಭ್ಯಾಸದ ತೋಟೆಯಲ್ಲಿ ಕಿತ್ತಳೆ ಬಣ್ಣದ ಉಂಡೆಯೇ ಏಳುತ್ತದೆ. ದೀಪ ಮಂದ ಮಾಡಿ ಹೊಡೆಯಲು ಬಿಡುವ ರೇಂಜ್ ಸಿಕ್ಕರೆ ಒಮ್ಮೆ ನೋಡಿ ಬನ್ನಿ, ಅರ್ಧ ಗಂಟೆಯ ಕೆಲಸ.

ಸದ್ದಿನ ವಿಷಯ ಹಾಗೆ ಬಿಡುವಂಥದ್ದಲ್ಲ. ಕಿವಿಗೆ ಬಡಿಯುವ ಸದ್ದಿಗೆ 140 ಡೆಸಿಬಲ್ ಅನ್ನುವುದು ದಾಟಬಾರದ ಗೆರೆ. 9 ಎಂಎಂ ಪಿಸ್ತೂಲಿನದು ಕಾಂಪ್ ಇಲ್ಲದೆಯೇ ಅದಕ್ಕಿಂತ ಮೇಲೆ. ಮುಂದಕ್ಕೆ ಹೋಗಬೇಕಾದ ಸದ್ದನ್ನು ಕಾಂಪ್ ಮೇಲಕ್ಕೂ ಹಿಂದಕ್ಕೂ ತರುತ್ತದೆ. ಒಳಾಂಗಣ ರೇಂಜಿನಲ್ಲಿ ಪಕ್ಕದ ಸಾಲಿನವರು ನಿಮ್ಮ ಕಡೆ ಯಾಕೆ ಗುರಾಯಿಸುತ್ತಾರೆ ಅಂತ ಆಗ ಗೊತ್ತಾಗುತ್ತದೆ. ಕಿವಿಯೊಳಗೆ ಬೆಂಡು, ಅದರ ಮೇಲೆ ಮಫ್, ಎರಡೂ ಹಾಕಿ. ಹೊಗೆಯಲ್ಲಿ ಸೀಸ ಇರುತ್ತದೆ, ಅದೂ ಈಗ ಮುಖದ ಕಡೆಗೇ ಏಳುತ್ತದೆ. ಗಾಳಿ ಸರಿಯಾಗಿ ಆಡದ ರೇಂಜಿಗೆ ಕಾಂಪ್ ತಗೊಂಡು ಹೋಗಲೇಬೇಡಿ. ಮುಗಿದ ಮೇಲೆ ತಣ್ಣೀರಲ್ಲಿ ಸೋಪು ಹಾಕಿ ಕೈ ಮುಖ ತೊಳೆದು, ಆಮೇಲೆ ಕಾಫಿ. ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.

ಹೋಲ್ಸ್ಟರ್

ಕಾಂಪ್ ಬಂದರೆ ಹಳೆಯ ಹೋಲ್ಸ್ಟರ್ (ಸೊಂಟದಲ್ಲಿ ಪಿಸ್ತೂಲ್ ಇಡುವ ಒರೆ) ಹೆಚ್ಚಿನ ಸಲ ಮೂಲೆಗೆ. ತುದಿ ತೆರೆದಿರುವುದು ಬೇಕು, ಕಾಂಪಿನ ಅಗಲಕ್ಕೆ ಜಾಗವೂ ಇರಬೇಕು. "ಒತ್ತಿದರೆ ಕೂರುತ್ತೆ" ಅನ್ನುವುದನ್ನು ಒಪ್ಪಿಕೊಳ್ಳಬೇಡಿ. ತೆಗೆಯುವಾಗ ಕಾಂಪಿನ ಅಂಚು ತಡೆಯುತ್ತದಾ, ಟ್ರಿಗರ್ ಪೂರ್ತಿ ಮುಚ್ಚಿದೆಯಾ, ಎರಡನ್ನೂ ಖಾಲಿ ಪಿಸ್ತೂಲಿನಲ್ಲಿ ನೋಡಿ. ಖಾಲಿ ಅಂದರೆ ಮೊದಲು ಮ್ಯಾಗಝೀನ್ ತೆಗೆದು, ಆಮೇಲೆ ಸ್ಲೈಡ್ ಎಳೆದು, ನಳಿಕೆಯ ಹಿಂಬದಿಯನ್ನು ಕಣ್ಣಿಂದ ನೋಡಿ ಕಿರುಬೆರಳಿಂದ ಮುಟ್ಟಿದ ಮೇಲೆ. ಈ ಕ್ರಮ ತಪ್ಪಿಸಿ ಸ್ಲೈಡನ್ನು ಮೊದಲು ಎಳೆದರೆ ಮ್ಯಾಗಝೀನಿನಿಂದ ಇನ್ನೊಂದು ತೋಟೆ ಒಳಗೆ ಹೋಗಿ ಕೂರುತ್ತದೆ. ಹೊಟ್ಟೆಯ ಮುಂದೆ ಇಟ್ಟುಕೊಳ್ಳುವವರಿಗೆ ಆ ಹೆಚ್ಚುವರಿ ಉದ್ದ ಕೂತಾಗ ತೊಡೆಗೆ ಚುಚ್ಚಬಹುದು. ಒಂದು ದಿನ ಖಾಲಿ ಪಿಸ್ತೂಲ್ ಹಾಕಿಕೊಂಡು ಮನೆಯೊಳಗೇ ಓಡಾಡಿ, ಕಾರಿನ ಸೀಟಿನಲ್ಲೂ ಕೂತು ನೋಡಿ.

ಮಸಿ, ತಿರುಪು, ಗಾಜು

ರೆಡ್ ಡಾಟ್ (ಗುರಿ ಹಿಡಿಯಲು ಚುಕ್ಕೆ ತೋರಿಸುವ ಗಾಜು) ಇದ್ದವರಿಗೆ ಒಂದು ಕಿರಿಕಿರಿ ಖಾತ್ರಿ. ಕಿಂಡಿಯ ಗ್ಯಾಸು ಗಾಜಿನ ಮುಂಬದಿಗೆ ಬೂದು ಪರದೆ ಬಿಡುತ್ತದೆ. ನೂರು ಈಡಿಗೆ ಗಾಜು ಮಂಜು ಹಿಡಿದ ಬಸ್ಸಿನ ಕಿಟಕಿಯಾಗುತ್ತದೆ. ಚುಕ್ಕೆ ಕಾಣುತ್ತದೆ, ಅದರ ಹಿಂದಿನದ್ದು ಮಬ್ಬು. ಒಣ ಬಟ್ಟೆಯಿಂದ ಉಜ್ಜಿದರೆ ಗಾಜಿನ ಲೇಪ ಗೀರುತ್ತದೆ. ಲೆನ್ಸಿಗೆಂದೇ ಬರುವ ದ್ರವ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ರೇಂಜಿನಿಂದ ಬಂದ ದಿನವೇ ಒರೆಸಿದರೆ ಎರಡು ನಿಮಿಷ, ತಿಂಗಳು ಬಿಟ್ಟರೆ ಒಂದು ಸಂಜೆ.

ತಿರುಪಿನ ಕಾಂಪಾದರೆ ಅದು ಕೂತ ಜಾಗದಲ್ಲಿ ಕಾಂಪಿನಿಂದ ನಳಿಕೆಯವರೆಗೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಕಾಂಪ್ ತಿರುಗಿದೆ ಅಂತ ಅರ್ಥ. ತಿರುಗಿ ಓರೆಯಾದ ಕಾಂಪಿನ ಗೋಡೆಗೆ ಗುಂಡು ಬಡಿದರೆ ಕಾಂಪೂ ಹೋಯಿತು, ಗುಂಡು ಎತ್ತ ಹೋಯಿತು ಅನ್ನೋದೂ ದೇವರಿಗೇ ಗೊತ್ತು. ದಿನಾ ಬೆಳಗ್ಗೆ ಸೊಂಟಕ್ಕೆ ಸಿಕ್ಕಿಸುವ ಮೊದಲು ಆ ಗೆರೆಯ ಮೇಲೆ ಒಮ್ಮೆ ಕಣ್ಣಾಡಿಸಿ. ಒಳಗೆ ಕಟ್ಟುವ ಕರಿಯನ್ನು ಕೆಲವು ನೂರು ಈಡಿಗೊಮ್ಮೆ ಹಿತ್ತಾಳೆ ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಊರಿಗೆ ರಜೆಗೆ ಹೊರಡುವಾಗ ರೇಂಜಿಗೆ ಒಯ್ಯುವ ಬ್ಯಾಗನ್ನೇ ಕ್ಯಾಬಿನ್ ಬ್ಯಾಗಾಗಿ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ಸಾಕು, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೇಸಿಗೆ. ಬಿಡಿಭಾಗಗಳೂ ಅದೇ ಕಾಯ್ದೆಯ ಕೆಳಗೆ ಬರುತ್ತವೆ.

ಆಯುಧಪೂಜೆಯಲ್ಲಿ ನಾವೂ ಪಿಸ್ತೂಲನ್ನು ಖಾಲಿ ಮಾಡಿ, ಬಟ್ಟೆ ಹಾಸಿ, ಕಾರಿನ ಕೀಲಿಯ ಪಕ್ಕ ಇಡುತ್ತೇವೆ. ಹೋದ ವರ್ಷ ಅಮ್ಮ ಊರಿಂದ ಬಂದಿದ್ದರು. ಕುಂಕುಮ ಇಟ್ಟು, ಸೇವಂತಿಗೆ ಹೂವಿನ ತೊಟ್ಟನ್ನು ನೀಟಾಗಿ ಕಾಂಪಿನ ಕಿಂಡಿಯೊಳಗೇ ಸಿಕ್ಕಿಸಿದರು. "ಇದಕ್ಕೇ ಅಂತ ತೂತು ಬಿಟ್ಟಿದ್ದಾರಲ್ಲೋ" ಅಂದರು. ತೊಟ್ಟು ಒಳಗೇ ಮುರಿದಿತ್ತು. ಮರುದಿನ ಅದನ್ನು ಚಿಮುಟದಲ್ಲಿ ಹೊರಗೆ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಗೆಳೆಯ ಮಾತ್ರ ತನ್ನ ಕಾಂಪನ್ನು ಅರ್ಧ ಬೆಲೆಗೆ ಮಾರಿ, ಬಂದ ದುಡ್ಡಲ್ಲಿ 124 ಗ್ರೇನಿನ ತೋಟೆ ತಂದುಕೊಂಡ.